ಮರದ ನೆಲದ ಮೂಲೆಗಳಿಗೆ ಯಾವ ಸ್ಯಾಂಡರ್? ಹಳೆಯ ಮನೆ ಕೊಂಡವರಿಗೆ ಒಂದಿಷ್ಟು ಮಾಹಿತಿ

ಪಿಸ್ಕಾಟವೇ, ನ್ಯೂಜೆರ್ಸಿ: ಚಳಿಗಾಲ ಕಳೆದು ಕಿಟಕಿ ತೆರೆದಿಡುವಷ್ಟು ಬಿಸಿಲು ಬಂತೆಂದರೆ ನಮ್ಮ ಕನ್ನಡಿಗರ ಮನೆಗಳಲ್ಲಿ ರಿಪೇರಿ ಕೆಲಸದ ಮಾತು ಶುರುವಾಗುತ್ತದೆ. ಪಿಸ್ಕಾಟವೇ, ಎಡಿಸನ್, ಸೌತ್ ಪ್ಲೇನ್‌ಫೀಲ್ಡ್ ಕಡೆಯ ಹಳೆಯ ಬಡಾವಣೆಗಳಲ್ಲಿ ಎರಡನೇ ಮಹಾಯುದ್ಧ ಮುಗಿದ ನಂತರದ ಒಂದೆರಡು ದಶಕಗಳಲ್ಲಿ ಕಟ್ಟಿದ ಮನೆಗಳು ಬಹಳ. ಅಂಥ ಮನೆ ಕೊಂಡವರು ಬೆಡ್‌ರೂಮಿನ ಕಾರ್ಪೆಟ್ಟಿನ ಒಂದು ತುದಿ ಎತ್ತಿ ನೋಡಿದರೆ, ಅದೃಷ್ಟವಿದ್ದರೆ ಅಡಿಯಲ್ಲಿ ಓಕ್ ಮರದ ನೆಲ ಸಿಗುತ್ತದೆ. ಹೆಚ್ಚಾಗಿ ಅದು ರೆಡ್ ಓಕ್. 1950ರಿಂದ ನ್ಯೂಜೆರ್ಸಿಯ ರಾಜ್ಯ ವೃಕ್ಷವೂ ಇದೇ ಎಂಬುದು ಎಷ್ಟು ಜನರಿಗೆ ಗೊತ್ತೋ! ಎರಡೂಕಾಲು ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆಗಳನ್ನು ಒಂದಕ್ಕೊಂದು ಕೂರಿಸಿ ಮಾಡಿದ ಈ ನೆಲವನ್ನು ಉಜ್ಜಿ, ಮೇಲೆ ಹೊಸ ಪಾಲಿಯುರೆಥೇನ್ ಹಚ್ಚಿದರೆ ಇನ್ನೂ ಒಂದು ತಲೆಮಾರು ಬಾಳುತ್ತದೆ.

ನೆಲದ ನಡುಭಾಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಬಾಡಿಗೆಗೆ ಸಿಗುವ ದೊಡ್ಡ ಯಂತ್ರ ಆ ಕೆಲಸ ಮಾಡುತ್ತದೆ. ಕೂಟದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ನಮ್ಮ ಕಿವಿಗೆ ಬೀಳುವ ಪ್ರಶ್ನೆಯೇ ಬೇರೆ: "ನೆಲವೆಲ್ಲ ಬೆಳ್ಳಗಾಯ್ತು, ಮೂಲೆಗಳು ಮಾತ್ರ ಕಪ್ಪಗೆ ಉಳಿದಿವೆ, ಅದಕ್ಕೆ ಯಾವ ಮಿಷನ್ ತಗೋಬೇಕು?" ಅದಕ್ಕೆ ಉತ್ತರವಾಗಿ ಈ ಲೇಖನ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮೂಲೆಗೆ ಬೇಕಾದದ್ದು ಶಕ್ತಿಶಾಲಿ ಯಂತ್ರವಲ್ಲ. ಮೂಲೆಯ ಆಕಾರದ ಪ್ಯಾಡ್ ಇರುವ ಒಂದು ಚಿಕ್ಕ ಯಂತ್ರ, ಅದಕ್ಕೆ ಸಿಕ್ಕಿಸಲು ಒಂದು ಒಳ್ಳೆಯ ವ್ಯಾಕ್ಯೂಮ್, ಜೊತೆಗೆ ಕೈಯಲ್ಲಿ ಎಳೆಯುವ ಒಂದು ಸ್ಕ್ರೇಪರ್.

ಮೂಲೆ ಯಾಕೆ ಉಳಿಯುತ್ತದೆ?

ನಡುಭಾಗಕ್ಕೆ ಬಳಸುವ ಡ್ರಮ್ ಸ್ಯಾಂಡರ್ ಗೋಡೆಯ ಹತ್ತಿರ ಹೋಗಲಾರದು. ಗೋಡೆಯುದ್ದಕ್ಕೂ ಉಳಿಯುವ ಪಟ್ಟಿಗೆ ಎಡ್ಜರ್ ಎಂಬ ಯಂತ್ರ ಬೇಕು. ಮೊಣಕಾಲೂರಿ ಎರಡೂ ಕೈಯಲ್ಲಿ ಹಿಡಿಯುವ, ಸಾಮಾನ್ಯವಾಗಿ 7 ಇಂಚಿನ ದುಂಡು ಬಿಲ್ಲೆ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುವ ಭಾರದ ಯಂತ್ರವಿದು. ದುಂಡು ಬಿಲ್ಲೆ ಚೌಕ ಮೂಲೆಯೊಳಗೆ ಹೋಗುವುದಿಲ್ಲ, ಅಷ್ಟೇ ವಿಷಯ.

ನಮ್ಮಲ್ಲಿ ಇಂಜಿನಿಯರುಗಳೇ ಜಾಸ್ತಿ, ಆದ್ದರಿಂದ ಲೆಕ್ಕವನ್ನೂ ಕೊಟ್ಟುಬಿಡೋಣ. 7 ಇಂಚು ವ್ಯಾಸದ ವೃತ್ತ ಎರಡೂ ಗೋಡೆಗೆ ತಾಗಿದಾಗ ಮೂಲೆಯ ತುದಿಯಿಂದ ವೃತ್ತದ ಅಂಚಿಗೆ ಸುಮಾರು ಒಂದೂವರೆ ಇಂಚು ದೂರ ಉಳಿಯುತ್ತದೆ. ಆ ತ್ರಿಕೋನದಂಥ ಜಾಗ ಸುಮಾರು 2.6 ಚದರ ಇಂಚು. 5 ಇಂಚಿನ ರ್‍ಯಾಂಡಮ್ ಆರ್ಬಿಟಲ್ ಸ್ಯಾಂಡರ್ ಇಟ್ಟರೂ 1.3 ಚದರ ಇಂಚು ಉಳಿಯುತ್ತದೆ. 12 ಅಡಿಗೆ 14 ಅಡಿಯ ಕೋಣೆಯಲ್ಲಿ ನಾಲ್ಕು ಮೂಲೆ ಸೇರಿ ಎಡ್ಜರ್ ಬಿಡುವ ಜಾಗ ಹತ್ತೂವರೆ ಚದರ ಇಂಚು, ಅಂದರೆ ನೆಲದ ಸಾವಿರಕ್ಕೆ ಅರ್ಧ ಪಾಲೂ ಇಲ್ಲ! ವಾಸ್ತವದಲ್ಲಿ ಬಿಲ್ಲೆ ಗೋಡೆಯ ಪಟ್ಟಿಗೆ ಪೂರ್ತಿ ತಾಗದ ಕಾರಣ ಇನ್ನಷ್ಟು ಉಳಿಯುತ್ತದೆ. ಬಾಗಿಲ ಚೌಕಟ್ಟಿನ ಪಕ್ಕ, ಕ್ಲಾಸೆಟ್ಟಿನ ಒಳಗೆ, ರೇಡಿಯೇಟರಿನ ಕಾಲಿನ ಸುತ್ತ ಇಂಥ ಜಾಗಗಳು ಸಿಗುತ್ತಲೇ ಹೋಗುತ್ತವೆ. ಮೆಟ್ಟಿಲಿದ್ದರಂತೂ ಪ್ರತಿ ಮೆಟ್ಟಿಲಿಗೂ ಎರಡೆರಡು ಮೂಲೆ. ಆದರೂ ಒಟ್ಟು ಕೆಲಸ ಚಿಕ್ಕದೇ. ಇದಕ್ಕಾಗಿ ನಾನೂರು, ಐನೂರು ಡಾಲರಿನ ಯಂತ್ರ ಕೊಳ್ಳುವ ಮುಂಚೆ ಈ ಲೆಕ್ಕ ನೆನಪಿರಲಿ.

ಯಂತ್ರಕ್ಕೆ ಮೊದಲು ಎರಡು ಪರೀಕ್ಷೆ

ಮೊದಲನೆಯದು ಮರದ ದಪ್ಪ. ಘನ ಓಕ್ ಹಲಗೆಯ ಅಂಚಿನ ನಾಲಗೆ ಪಕ್ಕದ ಹಲಗೆಯ ತೋಡಿನೊಳಗೆ ಕೂತಿರುತ್ತದೆ. ನಾಲಗೆಯಿಂದ ಮೇಲಿರುವ ಸುಮಾರು ಕಾಲು ಇಂಚು ಮಾತ್ರ ನಿಮ್ಮ ಬಂಡವಾಳ. ಹಿಂದಿನವರು ಎಷ್ಟು ಸಲ ಉಜ್ಜಿಸಿದ್ದಾರೋ ಅಷ್ಟು ಕರಗಿರುತ್ತದೆ. ಹಲಗೆಯ ಅಂಚುಗಳಲ್ಲಿ ಮೊಳೆಯ ತಲೆಗಳು ಕಾಣತೊಡಗಿದ್ದರೆ, ತೋಡಿನ ಮೇಲ್ತುಟಿ ಸೀಳಿದ್ದರೆ ಆ ನೆಲಕ್ಕೆ ಇನ್ನೊಂದು ಪೂರ್ತಿ ಸ್ಯಾಂಡಿಂಗ್ ತಡೆಯುವ ಶಕ್ತಿ ಇಲ್ಲ. ಹೊಸ ಟೌನ್‌ಹೌಸುಗಳಲ್ಲಿರುವ ಇಂಜಿನಿಯರ್ಡ್ ನೆಲದಲ್ಲಿ ಮೇಲಿನ ನಿಜವಾದ ಮರದ ಪದರ ಕೆಲವು ಕಡೆ ಒಂದು ಮಿಲಿಮೀಟರೂ ಇರುವುದಿಲ್ಲ. ಅಂಥದ್ದರ ಮೇಲೆ ಯಾವ ಸ್ಯಾಂಡರೂ ಬೇಡ. ತಿಳಿಯುವುದು ಹೇಗೆ? ನೆಲದಲ್ಲಿ ಬಿಸಿಗಾಳಿ ಬರುವ ಜಾಲರಿ ಇದೆಯಲ್ಲ, ಅದನ್ನು ಎತ್ತಿ ಟಾರ್ಚ್ ಬಿಟ್ಟು ನೋಡಿ. ಹಲಗೆ ಕತ್ತರಿಸಿದ ಅಂಚು ಅಲ್ಲಿ ಕಾಣುತ್ತದೆ.

ಎರಡನೆಯದು ಇನ್ನೂ ಮುಖ್ಯ: ಸೀಸ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ಗೋಡೆಯ ಬುಡದ ಪಟ್ಟಿ, ಅಂದರೆ ಬೇಸ್‌ಬೋರ್ಡಿನ ಬಣ್ಣದ ಹಳೆಯ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ನೆಲದ ಹಳೆಯ ವಾರ್ನಿಷ್‌ನಲ್ಲೂ ಇರಬಹುದು. ನಡುಭಾಗ ಉಜ್ಜುವ ಯಂತ್ರ ಬೇಸ್‌ಬೋರ್ಡನ್ನು ಮುಟ್ಟುವುದಿಲ್ಲ. ಮೂಲೆಗೆ ಹೋಗುವ ಚಿಕ್ಕ ಯಂತ್ರ ಎರಡು ಕಡೆಯೂ ಮುಟ್ಟುತ್ತದೆ. ಆದ್ದರಿಂದ ಮೂಲೆಯ ಕೆಲಸದಲ್ಲೇ ಸೀಸದ ಧೂಳಿನ ಅಪಾಯ ಜಾಸ್ತಿ. ತೆವಳುವ ಮಗು ಇರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೇ ಇಲ್ಲ. ನೆಲದ ಮೇಲೆ ಕೂತ ಧೂಳು ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳಿಗೆ ಒಂದು ಮತ್ತು ಎರಡನೇ ವರ್ಷದಲ್ಲಿ ರಕ್ತದಲ್ಲಿನ ಸೀಸದ ಪರೀಕ್ಷೆಯನ್ನು ನ್ಯೂಜೆರ್ಸಿ ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ.

ಮಾಡಬೇಕಾದದ್ದು ಇಷ್ಟು. ಬೇಸ್‌ಬೋರ್ಡಿನ ಬಣ್ಣದ ಒಂದು ಚಕ್ಕೆಯನ್ನೂ ನೆಲದ ವಾರ್ನಿಷ್ ಹೆರೆದ ಪುಡಿಯನ್ನೂ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿ. ಅಂಗಡಿಯ ಪರೀಕ್ಷಾ ಕಡ್ಡಿಗಳಿಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹ. ಸೀಸ ಇದೆಯೆಂದು ಬಂದರೆ ಕೆಲಸವನ್ನು ಇಪಿಎ ಪ್ರಮಾಣಪತ್ರ ಇರುವವರಿಗೇ ಬಿಡಿ. 1978ಕ್ಕಿಂತ ಹಳೆಯ ಮನೆಗಳಲ್ಲಿ ಹಣ ಪಡೆದು ಬಣ್ಣ ಕೆದಕುವ ಕೆಲಸ ಮಾಡುವವರಿಗೆ 2010ರ ಏಪ್ರಿಲ್‌ನಿಂದ ಈ ಪ್ರಮಾಣಪತ್ರ ಕಡ್ಡಾಯ. ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಜೋಡಿಸದ ಸ್ಯಾಂಡರನ್ನು ಆ ಬಣ್ಣದ ಮೇಲೆ ಓಡಿಸುವಂತಿಲ್ಲ. ಸ್ವಂತ ಮನೆಯಲ್ಲಿ ನೀವೇ ಮಾಡಿಕೊಂಡರೆ ಕಾನೂನು ತಡೆಯುವುದಿಲ್ಲ, ಆದರೆ ಸೀಸಕ್ಕೆ ಮನೆ ಯಾರದೆಂದು ಗೊತ್ತಿಲ್ಲ!

ಇನ್ನೊಂದು ಮಾತು. ಕಾರ್ಪೆಟ್ ತೆಗೆದಾಗ ಮರದ ಬದಲು 9 ಇಂಚಿನ ಚೌಕ ಟೈಲುಗಳು, ಅಡಿಯಲ್ಲಿ ಕಪ್ಪು ಅಂಟು ಕಂಡರೆ ಅಲ್ಲೇ ನಿಲ್ಲಿಸಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಪರೀಕ್ಷೆ ಆಗುವವರೆಗೆ ಉಜ್ಜಬಾರದು, ಕೀಳಲೂಬಾರದು.

ಯಾವ ಯಂತ್ರ?

ಮಾರುಕಟ್ಟೆಯಲ್ಲಿ ಮೂಲೆಗೆಂದು ಸಿಗುವವುಗಳಲ್ಲಿ ನಾವು ಮೊದಲು ಹೇಳುವುದು ಆಸಿಲೇಟಿಂಗ್ ಮಲ್ಟಿ ಟೂಲ್. ಇದರ ತಲೆಯಲ್ಲಿರುವ ತ್ರಿಕೋನ ಪ್ಯಾಡ್ ಸುತ್ತುವುದಿಲ್ಲ. ಮೂರು ನಾಲ್ಕು ಡಿಗ್ರಿಯಷ್ಟು ಎಡಕ್ಕೂ ಬಲಕ್ಕೂ ನಿಮಿಷಕ್ಕೆ 20,000 ಸಲದವರೆಗೆ ನಡುಗುತ್ತದೆ. ಹಾಗಾಗಿ ತ್ರಿಕೋನದ ತುದಿ ಮೂಲೆಯ ಒಳಗೇ ಹೋಗಿ ಕೆಲಸ ಮಾಡುತ್ತದೆ. ಇದರ ಮೂಲ ಸ್ವಾರಸ್ಯಕರ. ಜರ್ಮನಿಯ ಫೈನ್ ಕಂಪನಿ 1967ರಲ್ಲಿ ಇದನ್ನು ಮಾಡಿದ್ದು ಆಸ್ಪತ್ರೆಗಳಿಗಾಗಿ, ಮುರಿದ ಕೈಕಾಲಿಗೆ ಹಾಕಿದ ಪ್ಲಾಸ್ಟರನ್ನು ಚರ್ಮಕ್ಕೆ ಗಾಯವಾಗದಂತೆ ಕತ್ತರಿಸುವುದಕ್ಕೆ. ಬಡಗಿಗಳ ಕೈಗೆ ಬಂದದ್ದು ಆಮೇಲೆ. ಬಹಳ ವರ್ಷ ಫೈನ್ ಒಂದೇ ಇತ್ತು, ಬೆಲೆಯೂ ಹಾಗೇ ಇತ್ತು. 2000ದ ದಶಕದ ಕೊನೆಯಲ್ಲಿ ಪೇಟೆಂಟ್ ಮುಗಿದ ಮೇಲೆ ಬಾಷ್, ಡ್ರೆಮೆಲ್ ಮೊದಲಾದವರೂ ಬಂದರು. ಈಗ ನೂರು ಡಾಲರಿನೊಳಗೂ ಸಿಗುತ್ತದೆ. ಉಜ್ಜುವುದಲ್ಲದೆ ಬ್ಲೇಡ್ ಬದಲಿಸಿದರೆ ಬಾಗಿಲ ಚೌಕಟ್ಟಿನ ಬುಡ ಕತ್ತರಿಸಲು, ಹಳೆಯ ಅಂಟು ಕೆರೆಯಲು ಇದೇ ಆಗುತ್ತದೆ. ಮನೆಯಲ್ಲಿ ಇಟ್ಟುಕೊಂಡರೆ ವರ್ಷಕ್ಕೆ ನಾಲ್ಕು ಸಲವಾದರೂ ಕೈಗೆ ಬರುವ ಸಾಮಾನು ಅನ್ನಿ.

ಕೊಳ್ಳುವಾಗ ಮೂರು ವಿಷಯ ನೋಡಿ. ವೇಗ ಕಡಿಮೆ ಮಾಡುವ ಗುಂಡಿ ಇರಬೇಕು. ಪೂರ್ತಿ ವೇಗದಲ್ಲಿ ಒತ್ತಿದರೆ ಹಳೆಯ ವಾರ್ನಿಷ್ ಕರಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಪ್ಯಾಡಿನ ವೆಲ್ಕ್ರೋ ಕೂಡ ಬಿಸಿಗೆ ಹಾಳಾಗುತ್ತದೆ. ವ್ಯಾಕ್ಯೂಮ್ ಪೈಪು ಜೋಡಿಸುವ ಬಾಯಿ ಇರಬೇಕು; ಕೆಲವು ಕಂಪನಿಗಳು ಇದನ್ನು ಬೇರೆಯಾಗಿ ಮಾರುತ್ತವೆ. ಮೂರನೆಯದು, ತಂತಿ ಇರುವುದನ್ನೇ ತೆಗೆದುಕೊಳ್ಳಿ. ನಿರಂತರವಾಗಿ ಉಜ್ಜುವ ಕೆಲಸದಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಕಾಗದದ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. ಓಕ್ ಗಟ್ಟಿ ಮರ, ತ್ರಿಕೋನದ ತುದಿ ಮಾತ್ರ ಸವೆಯುತ್ತದೆ. ಒಂದು ತುದಿ ಸವೆದ ಕೂಡಲೇ ಕಾಗದ ಬಿಸಾಡದೆ ತಿರುಗಿಸಿ ಅಂಟಿಸಿದರೆ ಒಂದರಲ್ಲೇ ಮೂರು ಸಲದ ಕೆಲಸ.

ಎರಡನೆಯದು ನಮಗೆ ಬಹಳ ಇಷ್ಟವಾದ, ಆದರೆ ಯಾರೂ ಹೊಗಳದ ಯಂತ್ರ: ಕಾಲು ಹಾಳೆಯ ಪಾಮ್ ಸ್ಯಾಂಡರ್. ಅಂಗೈಯಲ್ಲಿ ಹಿಡಿಯುವ ಚೌಕ ತಳದ ಯಂತ್ರ. ಡಿವಾಲ್ಟ್, ಮಕೀಟಾ ಮೊದಲಾದವರದ್ದು ಸಿಗುತ್ತದೆ. ತಳವೇ ಚೌಕವಾದ್ದರಿಂದ ಮೂಲೆಗೆ ಸರಿಯಾಗಿ ಹೊಂದುತ್ತದೆ. ಮಾಮೂಲಿ 9 ಇಂಚಿಗೆ 11 ಇಂಚಿನ ಸ್ಯಾಂಡ್ ಪೇಪರ್ ಹಾಳೆಯನ್ನು ನಾಲ್ಕು ತುಂಡು ಮಾಡಿ ಸಿಕ್ಕಿಸಿದರಾಯಿತು. ಕಾಗದದ ಖರ್ಚು ಇದಕ್ಕಿಂತ ಕಡಿಮೆ ಯಾವುದರಲ್ಲೂ ಇಲ್ಲ. ನಿಧಾನ ಎಂಬುದೇ ದೋಷ. ದಪ್ಪನೆಯ ಹಳೆಯ ವಾರ್ನಿಷ್ ತೆಗೆಯಲು ಇದರಿಂದಾಗದು. ಸ್ಕ್ರೇಪರಿನಿಂದ ವಾರ್ನಿಷ್ ಹೆರೆದಾದ ಮೇಲೆ ನಯ ಮಾಡಲು ಮಾತ್ರ ಇದನ್ನು ಬಳಸುವುದಾದರೆ ನಿಧಾನವೂ ಒಳ್ಳೆಯದೇ, ಕುಳಿ ಬೀಳುವುದಿಲ್ಲ.

ಇಸ್ತ್ರಿ ಪೆಟ್ಟಿಗೆಯ ಆಕಾರದ ಚಿಕ್ಕ ಡೀಟೇಲ್ ಸ್ಯಾಂಡರುಗಳು, ಉದಾಹರಣೆಗೆ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿಯ ಮೌಸ್, ಕುರ್ಚಿ ಮೇಜಿಗೆ ಚೆನ್ನ. ಓಕ್ ನೆಲದ ಹಳೆಯ ಫಿನಿಶ್ ತೆಗೆಯುವ ದಮ್ಮು ಅವಕ್ಕಿಲ್ಲ. ಫೆಸ್ಟೂಲ್ ಕಂಪನಿಯದ್ದು ದುಂಡು ಪ್ಯಾಡ್ ತೆಗೆದು ತ್ರಿಕೋನ ಪ್ಯಾಡ್ ಹಾಕಬಹುದಾದ ಯಂತ್ರ, ಧೂಳು ಹೀರುವುದರಲ್ಲಿ ಬಹಳ ಅಚ್ಚುಕಟ್ಟು. ಮರಗೆಲಸವೇ ಹವ್ಯಾಸವಾಗಿರುವವರು ಕೊಳ್ಳಲಿ. ಎರಡು ಬೆಡ್‌ರೂಮಿನ ಎಂಟು ಮೂಲೆಗೆ ಅದು ಅತಿಯಾಯಿತು.

ಸ್ಕ್ರೇಪರ್ ವಿಷಯ ಇನ್ನೂ ಹೇಳಲೇ ಇಲ್ಲ. ನೆಲದ ಕೆಲಸವನ್ನೇ ಕಸುಬು ಮಾಡಿಕೊಂಡವರು ಮೂಲೆಯಲ್ಲಿ ಯಂತ್ರ ಇಡುವುದಕ್ಕಿಂತ ಮುಂಚೆ ಕೈಗೆತ್ತಿಕೊಳ್ಳುವುದು ಇದನ್ನೇ. ಎರಡು ಇಂಚಿನ ಬ್ಲೇಡಿನ, ತನ್ನ ಕಡೆಗೆ ಎಳೆಯುವ ಸ್ಕ್ರೇಪರ್. ಗೋಡೆಯ ಕಡೆಯಿಂದ ಹೊರಕ್ಕೆ, ಮರದ ಎಳೆ ಹೋದ ದಿಕ್ಕಿನಲ್ಲಿ ಎಳೆಯಬೇಕು. ಬ್ಲೇಡ್ ಹರಿತವಾಗಿದ್ದರೆ ತೆಳುವಾದ ಸುರುಳಿ ಬರುತ್ತದೆ. ಪುಡಿ ಬಂದರೆ ಮೊಂಡಾಗಿದೆ ಎಂದು ಅರ್ಥ, ಅರ ಹಾಕಿ ಹರಿತ ಮಾಡಿಕೊಳ್ಳಿ. ಕಾರ್ಬೈಡ್ ಬ್ಲೇಡಿನದು ಬೆಲೆ ಸ್ವಲ್ಪ ಹೆಚ್ಚು, ಆದರೆ ಬೇಗ ಮೊಂಡಾಗದು. ಊರಿನಲ್ಲಿ ಆಚಾರಿಗಳು ಬಾಗಿಲು ಕೀಸುವುದನ್ನು ನೋಡಿ ಬೆಳೆದವರಿಗೆ ಈ ಕೆಲಸ ಹೊಸದೇನಲ್ಲ. ಧೂಳು ಬಹಳ ಕಡಿಮೆ, ಕರೆಂಟ್ ಬೇಡ, ಮಲಗಿದ ಮಗು ಏಳುವುದಿಲ್ಲ.

ಕೆಲವು ಮೂಲೆಗಳ ಕಥೆ ಬೇರೆ. ಕಾರ್ಪೆಟ್ ಹಿಡಿದಿಡಲು ಗೋಡೆಯುದ್ದಕ್ಕೂ ಮೊಳೆಪಟ್ಟಿ ಹೊಡೆದಿರುತ್ತಾರೆ. ಪಟ್ಟಿ ಕಿತ್ತ ಮೇಲೆ ಉಳಿದ ಸ್ಟೇಪಲ್ ಪಿನ್ನು, ಮೊಳೆಗಳನ್ನು ಒಂದೂ ಬಿಡದೆ ತೆಗೆಯಬೇಕು, ಬಾರದಿದ್ದರೆ ಮರದೊಳಕ್ಕೆ ಇಳಿಸಬೇಕು. ಇಲ್ಲದಿದ್ದರೆ ಕಾಗದ ಹರಿಯುತ್ತದೆ, ಎಡ್ಜರಿನಲ್ಲಾದರೆ ಕಿಡಿಯೂ ಹಾರುತ್ತದೆ. ಇನ್ನು ನಮ್ಮವರ ಮನೆಗಳಲ್ಲಿ ದೇವರನ್ನು ಇಟ್ಟ ಮೂಲೆ. ದೀಪದ ಎಣ್ಣೆ ಇಳಿದ ಮರ ಕಾಗದವನ್ನು ಕ್ಷಣದಲ್ಲಿ ಮೆತ್ತಿಸಿಬಿಡುತ್ತದೆ, ಹೊಸ ಫಿನಿಶ್ ಕೂಡ ಅಲ್ಲಿ ಹಿಡಿಯುವುದಿಲ್ಲ. ಮೊದಲು ಮಿನರಲ್ ಸ್ಪಿರಿಟ್ಸ್ ಹಾಕಿ ಬಟ್ಟೆಯಿಂದ ನಾಲ್ಕಾರು ಸಲ ಒರೆಸಿ, ಒಣಗಿಸಿ, ಆಮೇಲೆ ಹೆರೆಯಿರಿ. ಹೂಕುಂಡದ ನೀರು ಇಳಿದ ಕಪ್ಪು ಕಲೆ ಓಕ್ ಮರದ ಟ್ಯಾನಿನ್‌ಗೆ ಕಬ್ಬಿಣದ ಅಂಶ ಸೇರಿ ಆದದ್ದು. ಅದನ್ನು ಬೆನ್ನುಹತ್ತಿ ಒಂದೇ ಜಾಗದಲ್ಲಿ ಯಂತ್ರ ಒತ್ತಿದರೆ ತಟ್ಟೆಯಂತೆ ಕುಳಿ ಬೀಳುತ್ತದೆ. ಆಕ್ಸಾಲಿಕ್ ಆಸಿಡ್ಡಿನ ವುಡ್ ಬ್ಲೀಚ್ ಹಾಕಿ ನೋಡಿ. ಹೋಗದಿದ್ದರೆ ಇರಲಿ ಬಿಡಿ. ಆ ಬ್ಲೀಚ್ ಹಾಕಿದ ಜಾಗವನ್ನು ಚೆನ್ನಾಗಿ ನೀರಿನಿಂದ ಒರೆಸದೆ ಮತ್ತೆ ಉಜ್ಜಬಾರದು, ಅದರ ಪುಡಿ ಮೂಗು ಗಂಟಲಿಗೆ ಒಳ್ಳೆಯದಲ್ಲ.

ಗ್ರಿಟ್ ಲೆಕ್ಕ

ನಾವು ನೋಡಿದ ಎಷ್ಟೋ ಮನೆಗಳಲ್ಲಿ ಮೂಲೆಗಳು ಸ್ವಚ್ಛವಾಗಿದ್ದರೂ ಬೇರೆ ಬಣ್ಣಕ್ಕೆ ಕಾಣುತ್ತವೆ. ಕಾರಣ ಯಂತ್ರವಲ್ಲ, ಕಾಗದ. ಒರಟಾಗಿ ಬಿಟ್ಟ ಮರ ಸ್ಟೇನ್ ಬಣ್ಣವನ್ನು ಹೆಚ್ಚು ಕುಡಿದು ಕಪ್ಪಾಗುತ್ತದೆ; ಅತಿ ನಯವಾದ ಮರ ಕುಡಿಯದೆ ತೆಳುವಾಗಿ ಉಳಿಯುತ್ತದೆ. ನಡುಭಾಗವನ್ನು 36, 60, 80, ಕೊನೆಗೆ 100 ಗ್ರಿಟ್‌ನಲ್ಲಿ ಮುಗಿಸಿದ್ದರೆ ಮೂಲೆಯೂ 100ರಲ್ಲೇ ಮುಗಿಯಬೇಕು. ಮಲ್ಟಿ ಟೂಲ್ ಜೊತೆ ಬಂತೆಂದು 180, 240 ಗ್ರಿಟ್ ಹಾಕಿ ಮೂಲೆಯನ್ನು ಕನ್ನಡಿ ಮಾಡಲು ಹೋಗಬೇಡಿ. ಸ್ಕ್ರೇಪರ್ ಎಳೆದ ಜಾಗ ಕೈಗೆ ರೇಷ್ಮೆಯಂತೆ ಅನ್ನಿಸಿದರೂ ಹಾಗೇ ಬಿಡಬಾರದು. ಮರದ ತುಂಡಿಗೆ 100 ಗ್ರಿಟ್ ಕಾಗದ ಸುತ್ತಿ ಎಳೆಯ ದಿಕ್ಕಿನಲ್ಲಿ ಹತ್ತು ಸಲ ಉಜ್ಜಿದರೆ ಸರಿಹೋಗುತ್ತದೆ. ಎಡ್ಜರ್ ಬಿಟ್ಟ ಅರ್ಧಚಂದ್ರದ ಗೀರುಗಳನ್ನು 5 ಇಂಚಿನ ರ್‍ಯಾಂಡಮ್ ಆರ್ಬಿಟಲ್‌ನಿಂದ ನಡುಭಾಗದೊಂದಿಗೆ ಬೆರೆಸಬಹುದು.

ಧೂಳು, ಬೆಂಕಿ

ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದಿರುವಾಗಲೇ ನೆಲದ ಕೆಲಸ ಹಿಡಿಯುವವರಿದ್ದಾರೆ. ದಯವಿಟ್ಟು ಬೇಡ. ಮರದ ಧೂಳನ್ನು ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದು ಮುಖ್ಯವಾಗಿ ವರ್ಷಗಟ್ಟಲೆ ಆ ಧೂಳಿನಲ್ಲಿ ದುಡಿಯುವವರ ವಿಷಯ, ನಿಜ; ಆದರೆ ಆಸ್ತಮಾ ಇರುವ ಹಿರಿಯರಿಗೆ ಒಂದು ವಾರಾಂತ್ಯವೇ ಸಾಕು. ಫರ್ನೆಸ್ ಅಥವಾ ಏಸಿ ನಿಲ್ಲಿಸಿ, ಗಾಳಿ ಒಳಗೆ ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಅಂಟಿಸಿ, ಕೋಣೆಯ ಬಾಗಿಲನ್ನೂ ಮುಚ್ಚಿ. ಮುಖಕ್ಕೆ ಎನ್95 ಅಥವಾ ಅದಕ್ಕಿಂತ ಉತ್ತಮವಾದ ಮಾಸ್ಕ್, ಕಿವಿಗೆ ರಕ್ಷಣೆ ಇರಲಿ.

ಹಳೆಯ ವಾರ್ನಿಷ್ ಬೆರೆತ ಸ್ಯಾಂಡಿಂಗ್ ಧೂಳು ಚೀಲದಲ್ಲಿ ತುಂಬಿ ಕೂತರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಸಂಜೆ ಕೆಲಸ ನಿಲ್ಲಿಸಿದ ಕೂಡಲೇ ಯಂತ್ರದ ಚೀಲ ಮತ್ತು ವ್ಯಾಕ್ಯೂಮನ್ನು ಹೊರಗೆ ಖಾಲಿ ಮಾಡಿ, ಗರಾಜಿನಲ್ಲಿ ಇಡಬೇಡಿ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಗಳಿಗೂ ಇದೇ ಮಾತು. ನಮ್ಮಿಂದ ಒಂದೂವರೆ ಗಂಟೆ ದೂರದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿ 23ರಂದು ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಕಾರಣ 22ನೇ ಮಹಡಿಯಲ್ಲಿ ಮರದ ಫಿನಿಶಿಂಗ್ ಕೆಲಸದವರು ಬಿಟ್ಟುಹೋದ ಲಿನ್ಸೀಡ್ ಎಣ್ಣೆಯ ಬಟ್ಟೆಗಳು. ಇಂಥ ಬಟ್ಟೆಗಳನ್ನು ಮುದ್ದೆ ಮಾಡದೆ ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಚ್ಚಿಡಿ.

ಕೊಳ್ಳುವುದೋ, ಬಾಡಿಗೆಯೋ?

ದೊಡ್ಡ ಯಂತ್ರ ಮತ್ತು ಎಡ್ಜರನ್ನು ಹೋಮ್ ಡಿಪೋದಂಥ ಅಂಗಡಿಯಿಂದ ಬಾಡಿಗೆಗೆ ತನ್ನಿ. ತರುವ ಮುನ್ನ ಕೋಣೆ ಪೂರ್ತಿ ಖಾಲಿ ಮಾಡಿ, ಮೊಳೆ ಕಿತ್ತು ಮುಗಿಸಿರಿ. ಇಲ್ಲವಾದರೆ ಬಾಡಿಗೆಯ ಗಂಟೆಗಳು ಮೊಳೆ ಕೀಳುವುದರಲ್ಲೇ ಹೋಗುತ್ತವೆ. ಎಡ್ಜರ್ ಕೈಗೆ ಸಿಕ್ಕ ಕೂಡಲೇ ಹಾಲಿಗೆ ಇಳಿಸಬೇಡಿ, ಕ್ಲಾಸೆಟ್ಟಿನೊಳಗೆ ಅಭ್ಯಾಸ ಮಾಡಿ. ಹಳೆಯ ಮನೆಯ ವೈರಿಂಗ್ ಮೇಲೆ ಎರಡು ಯಂತ್ರ ಒಟ್ಟಿಗೆ ಓಡಿಸಿದರೆ ಬ್ರೇಕರ್ ಬೀಳುತ್ತದೆ. ಮಲ್ಟಿ ಟೂಲ್ ಅಥವಾ ಪಾಮ್ ಸ್ಯಾಂಡರ್, ಸ್ಕ್ರೇಪರ್ ಇವುಗಳನ್ನು ಮಾತ್ರ ಕೊಂಡುಕೊಳ್ಳಿ. ಕೆಲಸ ಮುಗಿದ ಮೇಲೆ ಊರಿಗೆ ಒಯ್ದು ಭಾವನಿಗೆ ಕೊಡೋಣ ಎಂದು ಯೋಚಿಸುವವರಿಗೆ ಒಂದು ಮಾತು: ಇಲ್ಲಿಯ 120 ವೋಲ್ಟ್ ಯಂತ್ರವನ್ನು ಅಲ್ಲಿಯ 230 ವೋಲ್ಟ್‌ಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಕೆಲಸಗಾರರಿಗೆ ವಹಿಸುವುದಾದರೆ ಅವರು ನ್ಯೂಜೆರ್ಸಿಯ ಕನ್ಸ್ಯೂಮರ್ ಅಫೇರ್ಸ್ ವಿಭಾಗದಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ನೋಡಿ. 500 ಡಾಲರ್ ಮೀರಿದ ಕೆಲಸಕ್ಕೆ ಲಿಖಿತ ಕರಾರು ಇರಬೇಕು. ಮೂಲೆಗಳು, ಕ್ಲಾಸೆಟ್, ಮೆಟ್ಟಿಲು ಆ ಕರಾರಿನಲ್ಲಿ ಸೇರಿವೆಯೇ ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ಮೂಲೆಯನ್ನು ಯಾವುದರಿಂದ ಮಾಡುತ್ತೀರಿ ಎಂದು ಕೇಳಿದಾಗ "ಸ್ಕ್ರೇಪರ್" ಎಂದು ಉತ್ತರ ಬಂದರೆ ಕಸುಬು ಬಲ್ಲವರು ಸಿಕ್ಕಿದ್ದಾರೆಂದು ತಿಳಿಯಬಹುದು.

ಕೆಲಸ ಯಾರೇ ಮಾಡಲಿ, ಸ್ಟೇನ್ ಹಚ್ಚುವ ಹಿಂದಿನ ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಒರಗಿಸಿ ಹಿಡಿದು ಪ್ರತಿ ಮೂಲೆಯನ್ನೂ ನೋಡಿ. ಓರೆ ಬೆಳಕಿನಲ್ಲಿ ಅಡ್ಡ ಗೀರುಗಳು, ಕುಳಿಗಳು, ಉಳಿದ ವಾರ್ನಿಷ್‌ನ ಹೊಳಪು ಎಲ್ಲವೂ ಕಾಣುತ್ತವೆ. ಕಂಡಲ್ಲಿ ಪೆನ್ಸಿಲ್ ಗುರುತು ಹಾಕಿ, ಒಂದು ಗ್ರಿಟ್ ಹಿಂದೆ ಹೋಗಿ ಅಲ್ಲಿಂದ ಮತ್ತೆ ಉಜ್ಜಿ. ಪಾಲಿಯುರೆಥೇನ್ ಬಿದ್ದ ಮೇಲೆ ಅದೇ ಎರಡು ಚದರ ಇಂಚನ್ನು ಸರಿಮಾಡಲು ಇಡೀ ಕೋಣೆಯ ಫಿನಿಶ್ ಮತ್ತೆ ಮಾಡಬೇಕಾಗುತ್ತದೆ.